ನೆತ್ತರುಗೊಡಗೆ ಸತ್ತವರಿಗೆ, ಗಾಯಗೊಂಡವರಿಗೆ?

ಈ ಸಲದ ಬರಹ ಒಂದು ಅಕ್ಷರವಿಲ್ಲದ ಕಲ್ಲಿನಿಂದ ಶುರುವಾಗಿ ಕೋರ್ಟಿನ ಕಟಕಟೆಗೆ ಹೋಗುತ್ತದೆ. ಶಾಸನದ ಬ್ಲಾಗಿನಲ್ಲಿ ಆಕ್ಸಿಡೆಂಟ್ ಕೇಸು ಯಾಕೆ ಅಂತ ಅನ್ನಿಸಬಹುದು. ಕೊನೆವರೆಗೂ ಓದಿ, ಎರಡೂ ಒಂದೇ ವಿಷಯ ಅಂತ ನಿಮಗೂ ಅನ್ನಿಸುತ್ತೆ.

2022ರ ಡಿಸೆಂಬರಿನ ಒಂದು ಭಾನುವಾರ. ಕಾನಹೊಸಹಳ್ಳಿ ಸುತ್ತಲಿನ ಒಂದು ಹೊಲದ ಬದುವಿನ ಮೇಲೆ ವೀರಗಲ್ಲು ಇದೆ ಅಂತ ಸುದ್ದಿ ಬಂದಿತ್ತು. ಕರೆದುಕೊಂಡು ಹೋದವರು ಆ ಕಡೆಯವರೇ ಆದ ಒಬ್ಬರು. ಹೆಸರು ಬೇಡ, ನಾನು ಅವರನ್ನು ಅಣ್ಣ ಅಂತೀನಿ. ಬೋರ್‌ವೆಲ್ ಮೋಟಾರು ಸುಟ್ಟರೆ ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತಿ ಕೊಡೋದು ಅವರ ಕಸುಬು. ರಿಪೇರಿಗೆ ಅಂತ ಹೊಲ ಹೊಲ ಸುತ್ತುವುದರಿಂದ ಯಾವ ಬದುವಿನಲ್ಲಿ ಯಾವ ಕಲ್ಲಿದೆ ಅನ್ನೋದು ಅವರಿಗೆ ಬಾಯಿಪಾಠ. ನನ್ನಂಥ ಮನೇಲಿ ಕೂತು ಓದಿ ಕಲಿತ ಇಂಜಿನಿಯರಿಗೆ ಇಂಥವರೇ ಗುರುಗಳು.

ಕಲ್ಲು ಮೂರು ಪಟ್ಟಿಕೆಯದು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ನೆತ್ತಿಯಲ್ಲಿ ಸೂರ್ಯ ಚಂದ್ರ. ಬ್ಯಾಟರಿ ಬೆಳಕು ಅಡ್ಡ ಹಿಡಿದು ಮುಕ್ಕಾಲು ಗಂಟೆ ಹುಡುಕಿದರೂ ಒಂದಕ್ಷರ ಸಿಗಲಿಲ್ಲ. ಹತ್ತು ಸೆಂಟಿಮೀಟರ್ ಅಳತೆಪಟ್ಟಿ ಇಟ್ಟು ಫೋಟೋ ತೆಗೆದುಕೊಂಡು ಹೊರಟೆವು.

ಹೈವೇ ದಾಟುವ ಜಾಗದಲ್ಲಿ ಒಂದು ಸರಕಿನ ಗಾಡಿ ನಮ್ಮ ಬೈಕಿಗೆ ಬಡಿಯಿತು. ನನಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಣ್ಣನ ಬಲಗೈ ಮಣಿಕಟ್ಟು ಮುರಿದು, ಮೂರು ಬೆರಳಿನ ನರ ಕತ್ತರಿಸಿತ್ತು. 108 ಬಂತು, ಅವರನ್ನು ಕಳಿಸಿದೆ. ಆಮೇಲೆ ಏನು ಮಾಡಬೇಕು ಅಂತ ತೋಚದೆ, ಕೈಗೆ ರೂಢಿಯಾದ ಕೆಲಸ ಮಾಡಿದೆ: ಅಳತೆಪಟ್ಟಿ ಇಟ್ಟು ಟೈರಿನ ಗುರುತು, ಗಾಡಿ ನಿಂತ ಜಾಗ, ನಂಬರ್ ಪ್ಲೇಟು, ಬೈಕು ಬಿದ್ದ ದಿಕ್ಕು, ಎಲ್ಲದರ ಫೋಟೋ ತೆಗೆದೆ. ಆವತ್ತು ಅದಕ್ಕೆ ಬೆಲೆ ಇದೆ ಅಂತ ಗೊತ್ತಿರಲಿಲ್ಲ.

ಎರಡು ವಾರ ಬಿಟ್ಟು ನೋಡೋಕೆ ಹೋದಾಗ ಅಣ್ಣ ಮಂಚದ ಮೇಲೆ ಕೂತು ಕೇಳಿದ್ದು ಇದು: "ತಮ್ಮಾ, ಸತ್ತೋನಿಗೆ ಕಲ್ಲೂ ಸಿಕ್ಕೈತೆ, ಹೊಲಾನೂ ಸಿಕ್ಕೈತೆ ಅಂತ ನೀನೇ ಹೇಳ್ತಿದ್ದಿ. ಅರ್ಧ ಸತ್ತೋನಿಗೆ ಏನೈತೆ?"

ಉತ್ತರ ನನ್ನ ಹತ್ರ ಇರಲಿಲ್ಲ. ಹುಡುಕಿದ್ದನ್ನು ಇಲ್ಲಿ ಬರೆದಿದ್ದೀನಿ.

ಕಲ್ಲು ಏನು ಹೇಳುತ್ತೆ

ಹೋರಾಟದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಅಥವಾ ರಕ್ತಗೊಡಗೆ ಅಂತ ಹೆಸರು. ಕೊಡಗೆ ಅಂದರೆ ಕೊಟ್ಟಿದ್ದು. ನೆತ್ತರು ಸುರಿಸಿದ್ದಕ್ಕೆ ಕೊಟ್ಟಿದ್ದು ನೆತ್ತರುಗೊಡಗೆ. ತುರುಗೋಳು, ಪೆಣ್ಬುಯ್ಯಲು, ಊರಳಿವು, ಗಡಿ ಜಗಳ, ಹೀಗೆ ಸಾವಿನ ಕಾರಣ ಬೇರೆ ಬೇರೆ. ದನ ಬಿಡಿಸಲು ಹೋದವನು ಸತ್ತರೆ ಅವನ ಮನೆ ನಡೆಯಬೇಕಲ್ಲ, ಅದಕ್ಕೆ ಊರು ಅಥವಾ ಒಡೆಯ ಹೊಲ ಬಿಡುತ್ತಿದ್ದರು.

ಇದಕ್ಕಿಂತ ಹಳೆಯ ಮಾತು ಬಾಳ್ಗಳ್ಚು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ಕತ್ತಿ ತೊಳೆದು ಕೊಡುವ ದತ್ತಿ. ನಮಗೆಲ್ಲ ಗೊತ್ತಿರುವ ಹಲ್ಮಿಡಿ ಶಾಸನ, ಸುಮಾರು 450ರದ್ದು, ಇಂಥದೇ ಒಂದು ದತ್ತಿಯ ದಾಖಲೆ: ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎರಡೂರನ್ನು ಬಾಳ್ಗಳ್ಚಾಗಿ ಕೊಟ್ಟರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದರ ವಿಷಯವೇ ಮೈ ಒಡ್ಡಿ ಹೋರಾಡಿದ್ದಕ್ಕೆ ಏನು ಕೊಡಬೇಕು ಅನ್ನೋದು. ಇದನ್ನು ನಾವು ಅಷ್ಟಾಗಿ ಗಮನಿಸೋದಿಲ್ಲ.

ಬೇಗೂರಿನ ಸುಮಾರು 890ರ ಕಲ್ಲಿನಲ್ಲಿ ಇನ್ನೂ ವಿವರ ಇದೆ. ಗಂಗರ ಕಡೆಯ ನಾಗತ್ತರ ವೀರಮಹೇಂದ್ರನ ಸೈನ್ಯದ ಎದುರು ತುಂಬೆಪಾಡಿಯಲ್ಲಿ ಸತ್ತ. ಅವನ ಪಟ್ಟವನ್ನು ಎರೆಯಪ್ಪರಸ ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ವೀರಮಹೇಂದ್ರ ನೊಳಂಬರವನು ಅಂತ ಕೆಲವರ ಅಭಿಪ್ರಾಯ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯೆಲ್ಲ ನೊಳಂಬವಾಡಿ ಮೂವತ್ತೆರಡು ಸಾವಿರಕ್ಕೆ ಸೇರಿತ್ತು, ಹಾಗಿದ್ದರೆ ಬೇಗೂರಿನ ಕಲ್ಲಿನ ಲೆಕ್ಕದಲ್ಲಿ ನಾವು ಎದುರಾಳಿ ಕಡೆಯವರು! ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲೇ ಆತಕೂರಿನ ಕಲ್ಲೂ ಇದೆ, ಸುಮಾರು 949-50ರದ್ದು. ಮಣಲೆರನ ಕಾಳಿ ಅನ್ನೋ ನಾಯಿ ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಅಣ್ಣನಿಗೆ ಹೇಳಿದಾಗ ನಕ್ಕುಬಿಟ್ಟರು: "ನೋಡಪ, ನಾಯಿಗೂ ಸಿಕ್ಕೈತೆ."

ನಗೆಯಲ್ಲಿ ಮುಳ್ಳಿತ್ತು. ಯಾಕಂದ್ರೆ ನಾನು ಓದಿರುವ ವೀರಗಲ್ಲುಗಳಲ್ಲೆಲ್ಲ ವೀರ ಕೊನೆಗೆ ಸುರಲೋಕಕ್ಕೆ ಹೋಗುತ್ತಾನೆ. ಕೈ ಕಳೆದುಕೊಂಡು ಮನೆಗೆ ವಾಪಸ್ ಬಂದವನಿಗೆ ನಡುವಿನ ಪಟ್ಟಿಕೆಯಲ್ಲಿ ಜಾಗ ಇಲ್ಲ. ಅಪ್ಸರೆಯರು ಅರ್ಧಕ್ಕೆ ಇಳಿಸಿ ಹೋಗೋದಿಲ್ಲ.

ಗಾಯಕ್ಕೆ ಬೆಲೆ ಕಟ್ಟಿದ ಎರಡು ಬರಹ

ಹಾಗಂತ ಹಳಬರು ಗಾಯದ ಲೆಕ್ಕವನ್ನೇ ಹಾಕಿರಲಿಲ್ಲ ಅಂತಲ್ಲ. ಗದಗ ಜಿಲ್ಲೆಯ ಕೋಟುಮಚಗಿಯಲ್ಲಿ ಕಲ್ಯಾಣ ಚಾಲುಕ್ಯ ಐದನೇ ವಿಕ್ರಮಾದಿತ್ಯನ ಕಾಲದ, 1012ರ ಶಾಸನ ಇದೆ. ಅಗ್ರಹಾರದ ಕಟ್ಟಳೆಗಳಲ್ಲಿ ದಂಡದ ದರಪಟ್ಟಿ ಕೊಟ್ಟಿದ್ದಾರೆ. ಬೈದರೆ 2 ಪಣ, ಹೊಡೆದರೆ 12 ಪಣ, ಸುರಿಗೆ ಹಿರಿದರೆ 3 ಗದ್ಯಾಣ, ಇರಿದರೆ 12 ಗದ್ಯಾಣ. ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಇಂಥ ಮೆಟ್ಟಿಲು ಮೆಟ್ಟಿಲಿನ ಪಟ್ಟಿ! ಆದರೆ ಇದು ದಂಡ, ತಪ್ಪು ಮಾಡಿದವನು ತೆರಬೇಕಾದ್ದು. ಇರಿಸಿಕೊಂಡವನ ಕೈಗೆ ಎಷ್ಟು ಅನ್ನೋದು ಅದರ ವಿಷಯವಲ್ಲ.

ಆ ಮಾತು ಇರುವುದು ಇನ್ನೊಂದು ಕಡೆ. ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ನಾವು ಇದನ್ನು ಆಸ್ತಿ ಪಾಲಿನ ಗ್ರಂಥ ಅಂತಲೇ ಕೇಳಿರುತ್ತೇವೆ. ಅದರೊಳಗೆ ಹೊಡೆದಾಟದ ಪ್ರಕರಣವೂ ಇದೆ. ಅಲ್ಲಿ ನೋವು ಮಾಡಿದವನು ಎರಡು ಕೊಡಬೇಕು: ರಾಜನಿಗೆ ದಂಡ, ಮತ್ತು ಗಾಯಗೊಂಡವನು ಎದ್ದು ನಿಲ್ಲುವವರೆಗಿನ ಖರ್ಚು. ಆ ಖರ್ಚಿಗೆ ಇರುವ ಮಾತು 'ಸಮುತ್ಥಾನ ವ್ಯಯ'. ಸಮುತ್ಥಾನ ಅಂದರೆ ಮತ್ತೆ ಏಳುವುದು. ಆಸ್ಪತ್ರೆ ಬಿಲ್ಲಿಗೆ ಇದಕ್ಕಿಂತ ಒಳ್ಳೆಯ ಹೆಸರು ನಾನು ಕೇಳಿಲ್ಲ.

ಗಾಡಿ ಅಪಘಾತದ ಮಾತೂ ಇದೆ. ಎತ್ತಿನ ಮೂಗುದಾರ ಹರಿದು, ನೊಗ ಮುರಿದು, ಅಥವಾ ಗಾಡಿ ತಾನಾಗಿ ಹಿಂದಕ್ಕೆ ಸರಿದು ಯಾರಿಗಾದರೂ ಪೆಟ್ಟಾದರೆ ಒಡೆಯನ ತಪ್ಪಿಲ್ಲ ಅನ್ನುತ್ತೆ ಯಾಜ್ಞವಲ್ಕ್ಯ. ಮನುಸ್ಮೃತಿ ಇನ್ನೂ ಬಿಡಿಸಿ ಹೇಳುತ್ತೆ: ಗಾಡಿ ಹೊಡೆಯೋನಿಗೆ ಕೆಲಸ ಬರದೆ ಪೆಟ್ಟಾದರೆ ದಂಡ ಒಡೆಯನಿಗೆ, ಪಳಗಿದವನಾಗಿದ್ದರೆ ದಂಡ ಅವನಿಗೇ. ಡ್ರೈವರ್ ತಪ್ಪಿಗೆ ಓನರ್ ಯಾಕೆ ಕೊಡಬೇಕು ಅನ್ನೋ ಪ್ರಶ್ನೆ ಇವತ್ತಿನದಲ್ಲ ಅಂತಾಯ್ತು.

ಹೊಸ ಶಾಸನ

ನಮ್ಮ ಭಾಷೆಯಲ್ಲಿ ಕಲ್ಲಿನ ಬರಹಕ್ಕೂ ಶಾಸನ ಅಂತೀವಿ, ಶಾಸಕರು ಮಾಡುವ ಕಾನೂನಿಗೂ ಶಾಸನ ಅಂತೀವಿ. ಅಣ್ಣನ ಪ್ರಶ್ನೆಗೆ ಉತ್ತರ ಇರುವ ಶಾಸನ 1988ರ ಮೋಟಾರು ವಾಹನ ಕಾಯ್ದೆ. ನಾನು ವಕೀಲ ಅಲ್ಲ. ಕಲ್ಲು ಓದುವ ಹಾಗೆ ಸಾಲು ಸಾಲಾಗಿ ಓದಿ, ವಕೀಲರ ಹತ್ರ ಕೇಳಿ ತಿಳಿದುಕೊಂಡಿದ್ದನ್ನು ಹೇಳ್ತೀನಿ.

166ನೇ ಕಲಮು ಮುಖ್ಯ. ಎದುರಿನವರ ಅಜಾಗರೂಕತೆಯಿಂದ ಗಾಯವಾಗಿದೆ ಅಂತ ತೋರಿಸಿ ಪೂರ್ತಿ ನಷ್ಟ ಕೇಳುವ ದಾರಿ ಇದು. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಸಾಕ್ಷ್ಯ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಅನ್ನೋದನ್ನು ನ್ಯಾಯಮಂಡಳಿ ತೂಗಿ ನೋಡುತ್ತೆ. ಅಪಘಾತ ಆದ ಊರಿಗೆ ಸೇರಿದ ನ್ಯಾಯಮಂಡಳಿಯಲ್ಲೇ ಹಾಕಬೇಕು ಅಂತಿಲ್ಲ, ಗಾಯಗೊಂಡವರು ವಾಸವಿರುವ ಕಡೆಯೂ ಹಾಕಬಹುದು. ಹೈವೇಯಲ್ಲಿ ದೂರದೂರಿನವರು ಗಾಯಗೊಂಡಾಗ ಇದು ದೊಡ್ಡ ಅನುಕೂಲ.

164ನೇ ಕಲಮಿನಲ್ಲಿ ತಪ್ಪು ಯಾರದು ಅಂತ ತೋರಿಸಬೇಕಾಗಿಲ್ಲ. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ, ಮೊತ್ತ ನಿಗದಿ. ಗುದ್ದಿದ ಗಾಡಿ ಓಡಿಹೋಗಿ ಯಾವುದು ಅಂತ ಗೊತ್ತೇ ಆಗದಿದ್ದರೆ 161ನೇ ಕಲಮು: ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಇದಕ್ಕೆ ಕೋರ್ಟಿಗಲ್ಲ, ಕಂದಾಯ ಅಧಿಕಾರಿಗಳಿಗೆ ಅರ್ಜಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ಸಮುತ್ಥಾನ ವ್ಯಯವನ್ನು ಮೊದಲೇ ಕೊಟ್ಟ ಹಾಗೆ.

ಒಂದು ಎಚ್ಚರಿಕೆ. 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ ಜಾರಿಯಲ್ಲಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಆ ನಂಬಿಕೆ ಮೇಲೆ ಸುಮ್ಮನೆ ಕೂರಬೇಡಿ. ಕೈ ವಾಸಿ ಆಗ್ಲಿ, ಆಮೇಲೆ ನೋಡೋಣ ಅಂತ ಅಣ್ಣನೂ ಅಂದಿದ್ದರು. ಐದನೇ ತಿಂಗಳಲ್ಲಿ ಓಡಿದೆವು.

ಕೈ ಎಷ್ಟು, ಕಸುಬು ಎಷ್ಟು

ಇಂಜಿನಿಯರಾದ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲೆಕ್ಕ ಹಾಕುವ ಕ್ರಮ. ಚಿಕಿತ್ಸೆ ಖರ್ಚು, ಓಡಾಟ, ನೋಡಿಕೊಂಡವರ ಖರ್ಚು, ಕೆಲಸ ಬಿಟ್ಟ ತಿಂಗಳ ಆದಾಯ, ನೋವು, ಬದುಕಿನ ಸುಖ ಕಳೆದುಕೊಂಡಿದ್ದು, ಇವೆಲ್ಲ ಬೇರೆ ಬೇರೆ ಬಾಬತ್ತು. ದೊಡ್ಡ ಬಾಬತ್ತು ಮುಂದಿನ ದುಡಿಮೆಯ ನಷ್ಟ.

ಡಾಕ್ಟರು ಬಲಗೈಗೆ 36 ಪರ್ಸೆಂಟ್ ಊನ ಅಂತ ಬರೆದರು ಅಂದುಕೊಳ್ಳಿ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯೋದು ರೂಢಿ, ಅಂದರೆ 12. ಇನ್ಶೂರೆನ್ಸ್ ಕಡೆಯವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 2011ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇ ಬೇರೆ: ದೇಹದ ಊನ ಒಂದು, ದುಡಿಯುವ ಶಕ್ತಿಯ ನಷ್ಟ ಇನ್ನೊಂದು. ಎಡಗೈ ಹೋದರೆ ಗುಮಾಸ್ತನ ಕೆಲಸ ಉಳಿಯಬಹುದು, ಅದೇ ಕೈ ಹೋದ ಬಡಗಿಗೆ ಅಥವಾ ಡ್ರೈವರಿಗೆ ಸುಮಾರು ಪೂರ್ತಿ ದುಡಿಮೆಯೇ ಹೋಗುತ್ತೆ.

ಒಂದು ಉದಾಹರಣೆ ಲೆಕ್ಕ. ವಯಸ್ಸು 44, ಸ್ವಂತ ಕಸುಬು, ತಿಂಗಳಿಗೆ 16,000. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ನಲವತ್ತರಿಂದ ಐವತ್ತರೊಳಗಿನ ಸ್ವಂತ ಕಸುಬಿನವರಿಗೆ ಮುಂದಿನ ಏರಿಕೆ ಅಂತ ಶೇ. 25 ಸೇರಿಸಬೇಕು. ಅದು ಗಾಯಾಳುಗಳಿಗೂ ಅನ್ವಯ ಅಂತ 2020ರಲ್ಲಿ ಕೋರ್ಟು ಹೇಳಿದೆ. ಆಗ ತಿಂಗಳಿಗೆ 20,000, ವರ್ಷಕ್ಕೆ 2,40,000. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ 41ರಿಂದ 45ರ ವಯಸ್ಸಿಗೆ ಗುಣಕ 14. ಒಟ್ಟು 33,60,000. ಇದರಲ್ಲಿ 12 ಪರ್ಸೆಂಟ್ ಅಂದರೆ 4,03,200. ದುಡಿಮೆಯ ನಷ್ಟ 30 ಅಂತ ಒಪ್ಪಿಸಿದರೆ 10,08,000. ಅದೇ ಕೈ, ಅದೇ ಗಾಯ. ಆರು ಲಕ್ಷದ ವ್ಯತ್ಯಾಸ ಬಂದಿದ್ದು ಆ ಕೈ ಏನು ಕೆಲಸ ಮಾಡುತ್ತಿತ್ತು ಅನ್ನೋದರಿಂದ.

ಸಣ್ಣ ತಂತಿಯನ್ನು ಬಿಗಿ ತಪ್ಪದಂತೆ ಸುತ್ತುವುದಕ್ಕೆ ಹೆಬ್ಬೆರಳೂ ಎರಡು ಬೆರಳೂ ಬೇಕೇ ಬೇಕು. ಅಣ್ಣ ಸಾಕ್ಷಿ ಕಟ್ಟೆಯಲ್ಲಿ ಒಂದು ತುಂಡು ತಾಮ್ರದ ತಂತಿ ಹಿಡಿಯಲು ಹೋಗಿ ಬೀಳಿಸಿದರು. ಅದು ಡಾಕ್ಟರ ಸರ್ಟಿಫಿಕೇಟಿನಲ್ಲಿ ಇರಲಿಲ್ಲ.

ಲಿಪಿಕಾರನ ತಪ್ಪು

ಈಗ ನಿಜವಾದ ತೊಡಕಿಗೆ ಬರ್ತೀನಿ. ಅಣ್ಣನನ್ನು ಮೊದಲು ಸೇರಿಸಿದ ಆಸ್ಪತ್ರೆಯ ಚೀಟಿಯಲ್ಲಿ ಯಾರೋ 'ಬೈಕಿನಿಂದ ಬಿದ್ದು ಗಾಯ' ಅಂತ ಬರೆದುಬಿಟ್ಟಿದ್ದರು. ಗುದ್ದಿದ ಗಾಡಿಯ ಮಾತೇ ಇಲ್ಲ. ನೋವಿನಲ್ಲಿದ್ದ ಅಣ್ಣ ಏನು ಹೇಳಿದರೋ, ಬರೆದವರು ಏನು ಕೇಳಿಸಿಕೊಂಡರೋ. ಪೊಲೀಸ್ ದೂರು ಕೊಟ್ಟಿದ್ದು ಮೂರನೇ ದಿನ. ಇನ್ಶೂರೆನ್ಸ್ ವಕೀಲರ ವಾದ ಇಡೀ ನಿಂತಿದ್ದು ಆ ಮೂರು ಪದಗಳ ಮೇಲೆ: ಇವರೇ ಬಿದ್ದಿದ್ದಾರೆ, ಗಾಡಿಯನ್ನು ಆಮೇಲೆ ಸೇರಿಸಿದ್ದಾರೆ.

ಶಾಸನ ಓದುವ ನಮಗೆ ಇದು ಹೊಸದಲ್ಲ. ಕಂಡರಿಸಿದವನು ಒಂದಕ್ಷರ ತಪ್ಪಿದರೆ ನೂರಾರು ವರ್ಷ ಆಮೇಲೆ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಆಗ ಏನು ಮಾಡುತ್ತೇವೆ? ಸುತ್ತಲಿನ ಸಾಕ್ಷ್ಯ ನೋಡುತ್ತೇವೆ: ಇನ್ನೊಂದು ಕಲ್ಲು, ತಿಥಿ ವಾರ, ಲಿಪಿಯ ಕಾಲ. ಇಲ್ಲೂ ಅದೇ ಆಯಿತು. ಅಳತೆಪಟ್ಟಿ ಇದ್ದ ನನ್ನ ಫೋಟೋಗಳು, ಅವುಗಳಲ್ಲಿ ತಾನಾಗಿ ದಾಖಲಾಗಿದ್ದ ಗಂಟೆ ನಿಮಿಷ, ಪೊಲೀಸರ ಸ್ಥಳ ಮಹಜರು, ಎರಡೂ ಗಾಡಿಗಳ ಜಖಂ ಬಗ್ಗೆ ಮೋಟಾರು ವಾಹನ ನಿರೀಕ್ಷಕರ ವರದಿ, ಡ್ರೈವರ್ ಮೇಲಿನ ಚಾರ್ಜ್‌ಶೀಟು, ನಾಲ್ಕೂ ಒಂದೇ ಮಾತು ಹೇಳಿದವು. ನಾನು ಸಾಕ್ಷಿ ಹೇಳಿದಾಗ "ಆಕ್ಸಿಡೆಂಟ್ ಫೋಟೋದಲ್ಲಿ ಸ್ಕೇಲ್ ಯಾಕ್ರೀ ಇಟ್ಟಿದ್ದು?" ಅಂತ ಎದುರು ವಕೀಲರು ಕೇಳಿದರು. ಶಾಸನ ತೆಗೆಯೋ ಅಭ್ಯಾಸ ಸ್ವಾಮಿ ಅಂದೆ. ನಕ್ಕರು.

ಎರಡೂವರೆ ವರ್ಷ ಹಿಡಿಯಿತು. ನ್ಯಾಯಮಂಡಳಿ 12 ಅನ್ನೂ ಒಪ್ಪಲಿಲ್ಲ, ನಾವು ಕೇಳಿದ 40 ಅನ್ನೂ ಒಪ್ಪಲಿಲ್ಲ, 25 ಹಿಡಿಯಿತು. ಆದಾಯಕ್ಕೆ ನಮ್ಮ ಹತ್ರ ಲೆಕ್ಕದ ಪುಸ್ತಕ ಇರಲಿಲ್ಲ, ಅದಕ್ಕೆ ಅಂದಾಜು ಆದಾಯವನ್ನೇ ತೆಗೆದುಕೊಂಡಿತು. ಅಲ್ಲಿ ಸ್ವಲ್ಪ ಸೋತೆವು. ಬಂದ ಹಣದಲ್ಲಿ ಒಂದು ಪಾಲು ಬ್ಯಾಂಕಿನಲ್ಲಿ ಠೇವಣಿ ಇಡಬೇಕು ಅಂತ ಆದೇಶ. ಅಣ್ಣ ಈಗ ಕಾಯಿಲ್ ಸುತ್ತೋ ಮಿಷಿನ್ ತಂದಿದ್ದಾರೆ. ಸುತ್ತುವುದು ಮಗ, ಪಕ್ಕದಲ್ಲಿ ಕೂತು ಎಣಿಸುವುದು ಇವರು.

ಕಲ್ಲಿನಿಂದ ಕಲಿಯೋದು

ಒಂದು ಒಳ್ಳೆಯ ದಾನಶಾಸನದಲ್ಲಿ ಏನೇನಿರುತ್ತೆ ನೆನಪು ಮಾಡಿಕೊಳ್ಳಿ: ಕಾಲ, ಸ್ಥಳ, ಯಾರು, ಏನಾಯಿತು, ಏನು ಕೊಟ್ಟರು, ಎಲ್ಲೆ, ಸಾಕ್ಷಿಗಳು, ಕೊನೆಗೆ ಅಳಿದವನಿಗೆ ಶಾಪ. ಅಪಘಾತವಾದ ದಿನ ನಮ್ಮ ಕೈಲಿ ಇರಬೇಕಾದ್ದೂ ಇದೇ. ಗಂಟೆ ನಿಮಿಷ, ಜಾಗದ ಫೋಟೋ, ಗಾಡಿ ನಂಬರು, ನೋಡಿದವರ ಫೋನ್ ನಂಬರು. ಆಸ್ಪತ್ರೆ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಅಲ್ಲೇ ಓದಿಸಿ ಕೇಳಿ, ತಪ್ಪಿದ್ದರೆ ಅವತ್ತೇ ತಿದ್ದಿಸಿ. ದೂರನ್ನು ತಡ ಮಾಡಬೇಡಿ. ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ. ಕೈಕಸುಬಿನವರು ದಿನದ ಕೆಲಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ನಾಳೆ ಅದೇ ಆದಾಯದ ಸಾಕ್ಷಿ. ಕೊನೆಯ ಶಾಪದ ಜಾಗದಲ್ಲಿ ಈಗ ಬಡ್ಡಿ ಇದೆ: ಪರಿಹಾರದ ಮೊತ್ತಕ್ಕೆ ನ್ಯಾಯಮಂಡಳಿ ಬಡ್ಡಿ ಹಾಕಬಹುದು. ವಕೀಲರಿಗೆ ಕೊಡಲು ಶಕ್ತಿ ಇಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ರಾಜಿಗೆ ಒಪ್ಪಿದರೆ ಲೋಕ ಅದಾಲತ್ ಇದೆ, ಆದರೆ ಸಹಿ ಹಾಕುವ ಮೊದಲು ಮೇಲಿನ ಲೆಕ್ಕ ಒಮ್ಮೆ ಹಾಕಿ ನೋಡಿ.

ಪರಿಹಾರ ಅನ್ನೋ ಮಾತೂ ನಮ್ಮ ಶಾಸನಗಳದ್ದೇ. ದತ್ತಿ ಭೂಮಿಯನ್ನು 'ಸರ್ವಬಾಧಾಪರಿಹಾರ'ವಾಗಿ ಬಿಟ್ಟರು ಅಂತ ಎಷ್ಟು ಕಡೆ ಓದಿಲ್ಲ! ತೆರಿಗೆ, ಕಾಟ, ಯಾವ ಬಾಧೆಯೂ ತಟ್ಟದ ಹಾಗೆ ಅಂತ ಅದರ ಅರ್ಥ. ಇವತ್ತಿನ ಪರಿಹಾರ ಎಲ್ಲ ಬಾಧೆ ಕಳೆಯೋದಿಲ್ಲ, ಅಣ್ಣನ ಬೆರಳು ಚಳಿಗೆ ಈಗಲೂ ಮರಗಟ್ಟುತ್ತೆ. ಆದರೂ ಹಲ್ಮಿಡಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದು ಬದಲಾಗಿದೆ. ಪಡೆಯೋಕೆ ಸಾಯಬೇಕಿಲ್ಲ, ವೀರನೂ ಆಗಬೇಕಿಲ್ಲ. ಮೋಟಾರು ಸುತ್ತೋನ ಬೆರಳಿಗೂ ಬೆಲೆ ಇದೆ. ಅದನ್ನು ಸರಿಯಾಗಿ ಬರೆಸಿಡಬೇಕು ಅಷ್ಟೇ.

ನಮ್ಮ ತಾಲೂಕುಗಳ ಶಾಸನಗಳು ಬಹಳಷ್ಟು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೇ ಸಂಪುಟದಲ್ಲಿವೆ, 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತಲ್ಲ. ನಿಮ್ಮೂರಿನ ಕಲ್ಲಿನಲ್ಲಿ ಗಾಯಗೊಂಡು ಬದುಕಿದವನಿಗೆ ಕೊಟ್ಟ ದತ್ತಿ ಕಂಡರೆ ದಯವಿಟ್ಟು ಕಳಿಸಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯೋದು ಮರೀಬೇಡಿ. ಅಣ್ಣನಿಗೆ ಓದಿ ಹೇಳಬೇಕು.